ಶ್ಲೋಮೊ ಬಾರ್ಡಿನ್ ಕಟ್ಟಿದ್ದು ಬ್ರಾಂಡೈಸ್ ವಿಶ್ವವಿದ್ಯಾಲಯ ಅಲ್ಲ

ಅಮೆರಿಕದಲ್ಲಿ ಯಹೂದಿ ಯುವಜನರಿಗಾಗಿ ಬೇಸಿಗೆ ಶಿಬಿರ ಕಟ್ಟಿದ ಶಿಕ್ಷಣತಜ್ಞ ಬಾರ್ಡಿನ್ ಅವರನ್ನು ನೆನೆಯುವ ಒಂದು ಬರಹ ಓಡಾಡ್ತಾ ಇದೆ. ಅವರು ಬ್ರಾಂಡೈಸ್ ವಿಶ್ವವಿದ್ಯಾಲಯದ ಸ್ಥಾಪಕರು, ಅವರ ಬೇಸಿಗೆ ಶಿಬಿರ ಅದರದ್ದೇ ಒಂದು ಶಾಖೆ ಅಂತ ಅದರಲ್ಲಿದೆ. ಎರಡೂ ತಪ್ಪು.

ವಿಶ್ವವಿದ್ಯಾಲಯ ಇರುವುದು ಮ್ಯಾಸಚೂಸೆಟ್ಸ್‌ನಲ್ಲಿ, ಶುರುವಾಗಿದ್ದು 1948ರಲ್ಲಿ. ಬಾರ್ಡಿನ್ ಅವರ ಶಿಬಿರ ಅದಕ್ಕಿಂತ ಹಳೆಯದು. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ಲೂಯಿಸ್ ಬ್ರಾಂಡೈಸ್ ಅವರ ಬೆಂಬಲದಿಂದ 1941ರಲ್ಲಿ ಶುರುವಾಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರಾಂಡೈಸ್ ತೀರಿಕೊಂಡರು. ಎರಡಕ್ಕೂ ಅವರ ಹೆಸರೇ ಇಟ್ಟಿದ್ದರಿಂದ ಈ ಗೊಂದಲ, ಅಷ್ಟೇ.

ಬಾರ್ಡಿನ್ ಹುಟ್ಟಿದ್ದು ಈಗಿನ ಉಕ್ರೇನಿನ ಝಿತೋಮಿರ್‌ನಲ್ಲಿ. ಡೆನ್ಮಾರ್ಕಿನ ಜನಪದ ಶಾಲೆಗಳು ಅವರಿಗೆ ತುಂಬಾ ಹಿಡಿಸಿದ್ದವು, ಪರೀಕ್ಷೆ ಗಿರೀಕ್ಷೆ ಇಲ್ಲದೆ ದೊಡ್ಡವರು ಒಂದೆಡೆ ಇದ್ದು, ದುಡಿದು, ಹಾಡಿ ಕಲಿಯುವ ಶಾಲೆಗಳು ಅವು. ಅದನ್ನೇ ಅವರು ತಮ್ಮತನ ಮರೆಯುತ್ತಿದ್ದ ಅಮೆರಿಕದ ಯಹೂದಿ ಯುವಜನರಿಗಾಗಿ ಒಗ್ಗಿಸಿಕೊಂಡರು. 1947ರಲ್ಲಿ ಕ್ಯಾಲಿಫೋರ್ನಿಯಾದ ಸಿಮಿ ಕಣಿವೆಗೆ ಬಂದರು. ಅಲ್ಲಿನ ಶಿಬಿರದಲ್ಲಿ ಕಾಲೇಜು ವಯಸ್ಸಿನವರು ಮೈಮುರಿದು ಕೆಲಸ ಮಾಡಿ, ಶುಕ್ರವಾರ ಸಂಜೆ ಬಿಳಿ ಬಟ್ಟೆ ಉಟ್ಟು ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬತ್ ಬರಮಾಡಿಕೊಳ್ಳುತ್ತಿದ್ದರು, ಹಾಡು, ಕುಣಿತ ಎಲ್ಲಾ ಇರುತ್ತಿತ್ತು. ಸಂಗೀತದ ಹೊಣೆ ಸಂಗೀತ ಸಂಯೋಜಕ ಮ್ಯಾಕ್ಸ್ ಹೆಲ್ಫ್‌ಮನ್ ಅವರದ್ದು. ನನಗಂತೂ ಇದು ವಿಶ್ವವಿದ್ಯಾಲಯ ಕಟ್ಟುವುದಕ್ಕಿಂತ ಸಣ್ಣ ಕೆಲಸ ಅನ್ನಿಸೋದಿಲ್ಲ. ಮತ್ತೆ ಸುಮ್ನೆ ಇನ್ನೊಬ್ಬರ ಕೆಲಸ ಅವರ ಹೆಸರಿಗೆ ಯಾಕೆ ಹಚ್ಚಬೇಕು?

ಬಾರ್ಡಿನ್ 1976ರಲ್ಲಿ ತೀರಿಕೊಳ್ಳುವ ತನಕ ಶಿಬಿರ ನಡೆಸಿದರು. ಆಮೇಲೆ ಅದಕ್ಕೆ ಬ್ರಾಂಡೈಸ್-ಬಾರ್ಡಿನ್ ಅಂತ ಹೆಸರಾಯಿತು. 2007ರಲ್ಲಿ ಅದು ಒಂದು ವಿಶ್ವವಿದ್ಯಾಲಯದ ಜೊತೆ ಸೇರಿದ್ದು ನಿಜ, ಆದರೆ ಅದು ಲಾಸ್ ಏಂಜಲೀಸ್‌ನದ್ದು, ಈಗಿನ ಅಮೆರಿಕನ್ ಜ್ಯೂಯಿಷ್ ವಿಶ್ವವಿದ್ಯಾಲಯ. ಆ ಬರಹ ಹಂಚಿಕೊಂಡವರು ದಯವಿಟ್ಟು ತಿದ್ದಿ.