ಇನ್ನೋವಾ ಅಂತ ಹೆಸರಿದ್ರ ಆತೇನು?

ಟೊಯೋಟಾ ಕಂಪನಿಯವ್ರ ಇನ್ನೋವಾ ಹೈಕ್ರಾಸ್ ಚೊಲೋ ಗಾಡಿ, ಅದ್ರಾಗ ಎರಡು ಮಾತಿಲ್ಲ. ಆದ್ರ ಅದಕ್ಕ ಇನ್ನೋವಾ ಅನ್ನಾಕ ನನಗ ಬಾಯಿ ಬರವಲ್ದು. ನಮ್ಮ ಬೆಳಗಾವಿ ಟ್ಯಾಕ್ಸಿ ಸ್ಟ್ಯಾಂಡಿನ್ಯಾಗ ಈ ಮಾತು ತಗದ್ರ ಡ್ರೈವರ್‌ಗೋಳು ಎರಡು ಪಾರ್ಟಿ ಆಗ್ತಾರ. ನಂದು ಹಳೇ ಪಾರ್ಟಿ.

2000ದಾಗ ಟೊಯೋಟಾದ ಬಿಡದಿ ಕಾರಖಾನೆಯಿಂದ ಇನ್ನೋವಾಕ್ಕಿಂತ ಮೊದಲಿನ ಗಾಡಿ ಕ್ವಾಲಿಸ್ ಬಂತು. ಇಂಡೋನೇಷ್ಯಾದಾಗ 1977ರಿಂದ ಓಡ್ತಿದ್ದ ಕಿಜಾಂಗ್ ಗಾಡಿಯ ಮೂರನೇ ಪೀಳಿಗೆ ಅದು. ಡಬ್ಬಿ ಹಂಗ ಐತಿ ಅಂತ ಮೂಗು ಮುರದ್ರು, ಸಾಲಾ ಮಾಡಿ ತಗೊಂಡ್ರು. ಹಿಂದ ಪಾಟಾ (ಪಟ್ಟಿ ಸ್ಪ್ರಿಂಗ್) ಇತ್ತು, ಕಡೇ ಸೀಟಿನ್ಯಾಗ ಕುಂತವ್ರ ನಡಾ ಏನಾಗ್ತಿತ್ತು ಅನ್ನೂದು ಕುಂತವ್ರಿಗೇ ಗೊತ್ತು.

ಇನ್ನೂ ಚೊಲೋ ಮಾರಾಟ ಆಗೂಮುಂದನ ಕ್ವಾಲಿಸ್ ನಿಲ್ಲಿಸಿ 2005ರ ಫೆಬ್ರುವರಿಯೊಳಗ ಇನ್ನೋವಾ ತಂದ್ರು. ಪಾಟಾ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು. 2.5 ಲೀಟರ್ ಡೀಸೆಲ್, 102 ಪಿಎಸ್ (ಹೆಚ್ಚುಕಡಿಮಿ ಹಾರ್ಸ್‌ಪವರ್ ಇದ್ದಂಗ) ಶಕ್ತಿ. ಆದ್ರ ಬುನಾದಿ ಹಳೇದ: ಉದ್ದನ ಚಾಸಿ (ಅಡಿಯಾಗಿನ ಕಬ್ಬಿಣದ ಚೌಕಟ್ಟು), ಅದರ ಮ್ಯಾಲ ಬಾಡಿ, ದೂಡೂದು ಹಿಂದಿನ ಗಾಲಿ. ಗೋವಾ ದಾರಿಯ ಚೋರ್ಲಾ ಘಾಟಿನ್ಯಾಗ ಎಂಟು ಮಂದಿ, ಮ್ಯಾಲ ಕ್ಯಾರಿಯರ್ ತುಂಬ ಸಾಮಾನು ಹೇರಿಕೊಂಡು ಏರು ಹತ್ತಿದ್ರ ಭಾರ ಹಿಂದಕ್ಕ ಬೀಳ್ತೈತಿ. ದೂಡೂ ಗಾಲಿನೂ ಅಲ್ಲೇ ಇದ್ರ ಹಿಡಿತ ಸಿಗ್ತೈತಿ. ಇದರಾಗ ದೊಡ್ಡ ಶಾಸ್ತ್ರ ಏನಿಲ್ಲ. ಇನ್ನ ನಡುವಿನ ಸೀಟು! ಮೊಣಕಾಲು ಹಿಡದ ನಮ್ಮ ಆಯಿ ಬಾಗಲದ ಹಿಡಿಕಿ ಹಿಡದು ಒಬ್ಬಾಕೇನ ಹತ್ತಿ, ಕಾಲಾಗ ರೊಟ್ಟಿ ಗಂಟು ಇಟ್ಕೊಂಡು, ಎಲ್ಲಮ್ಮನ ಗುಡ್ಡ ಮುಟ್ಟೂತನಕ "ಸಾವಕಾಶ ಹೊಡಿಯಪಾ" ಅಂತ ಒಮ್ಮೆನೂ ಅಂದಾಕಿ ಅಲ್ಲ.

ಅಂದಂಗ, ಇಲ್ಲಿ ಈ ಗಾಡಿ ಮಾಡೂ ಕಂಪನಿ ಟೊಯೋಟಾ ಕಿರ್ಲೋಸ್ಕರ್, ಆ ಹೆಸರಿನ ಅರ್ಧ ನಮ್ಮೂರಿಂದು. ಗುರ್ಲಹೊಸೂರಿನ್ಯಾಗ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಾಗ ಬೆಳಗಾವ್ಯಾಗ ಸೈಕಲ್ ಅಂಗಡಿ ಇಟ್ಟವ್ರು. ಮುಂದ ಕಬ್ಬಿಣದ ನೇಗಿಲ ಮಾಡಿದ್ರು, 1910ರಾಗ ಈಗಿನ ಮಹಾರಾಷ್ಟ್ರದಾಗಿನ ಔಂಧ್ ಸಂಸ್ಥಾನದವ್ರು ಜಾಗಾ ಕೊಟ್ರು ಅಂತ ಆ ಕಡೆ ಹೋದ್ರು. ಕಿರ್ಲೋಸ್ಕರ್ ರೋಡಿನ್ಯಾಗ ದಿನಾ ಅಡ್ಡಾಡೂ ಹುಡುಗೂರಿಗೆ ಇದು ಗೊತ್ತಿಲ್ಲ ಅನ್ನೂದ ನನ್ನ ಸಂಕಟ. ಲಕ್ಷ್ಮಣರಾವ್ ಅವ್ರ ಮರಿಮೊಮ್ಮಗ, ಈ ಕಂಪನಿಯ ವೈಸ್ ಚೇರ್ಮನ್ ಆಗಿದ್ದ ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡಿದ್ದು 2022ರ ನವೆಂಬರ್‌ದಾಗ, ಹೈಕ್ರಾಸ್ ತೋರಿಸಿದ ಅದೇ ತಿಂಗಳು.

2016ರಾಗ ಇನ್ನೋವಾದ ಮುಂದಿನ ಪೀಳಿಗೆ ಕ್ರಿಸ್ಟಾ ಬಂತು. 2.4 ಲೀಟರ್ ಡೀಸೆಲ್, 150 ಪಿಎಸ್, ರೇಟೂ ಹಂಗ ಏರಿತು. ಸಾಹೇಬ್ರು, ಪುಢಾರಿಗಳು ಹೊಸಾದು ತಗೊಂಡ್ರು, ಬಾಡಿಗಿ ಹೊಡಿಯಾವ್ರು ಸೆಕೆಂಡ್ ಹ್ಯಾಂಡ್ ಹುಡುಕಿದ್ರು.

ಡೀಸೆಲ್ ಬಿಟ್ಟು ಬ್ಯಾಟರಿ ಕಡೆ ಯಾಕ ಹೊಳ್ಳಿದ್ರು ಅನ್ನೂದು ನನಗೂ ತಿಳೀತೈತಿ. 2015ರ ಡಿಸೆಂಬರ್‌ದಾಗ ಸುಪ್ರೀಂ ಕೋರ್ಟು ದಿಲ್ಲಿಯೊಳಗ 2000 ಸಿಸಿ (ಅಂದ್ರ 2 ಲೀಟರ್) ಮತ್ತ ಅದಕ್ಕೂ ದೊಡ್ಡ ಡೀಸೆಲ್ ಗಾಡಿ ನೋಂದಣಿ ನಿಲ್ಲಿಸಿತ್ತು. ಮುಂದಿನ ವರ್ಷ ಆಗಸ್ಟ್‌ದಾಗ ತೆರವಾತು, ಖರೇ, ಆದ್ರ ಆ ಪೆಟ್ಟು ಯಾವ ಕಂಪನಿ ಮರೀತೈತಿ? ಹೈಕ್ರಾಸ್‌ದಾಗ ಚಾಸಿ ಬ್ಯಾರೆ ಇಲ್ಲ, ಎಳಿಯೂದು ಮುಂದಿನ ಗಾಲಿ, ಹೈಬ್ರಿಡ್ ಮಾಡೆಲ್ಲಿನ್ಯಾಗ ಪೆಟ್ರೋಲ್ ಎಂಜಿನ್ ಜೋಡಿ ಬ್ಯಾಟರಿ ಮೋಟರು. ಸಪ್ಪಳಿಲ್ಲ, ಮೈಲೇಜು ಭಾಳ. ಟ್ರಾಫಿಕ್ಕಿನ್ಯಾಗ ಅದಕ್ಕ ಸರಿಸಾಟಿ ಇಲ್ಲ ಅಂತ ನಾನೂ ಒಪ್ಪತೀನಿ.

ಆದ್ರ ಒಂದು ಮಾತು. ಹೈಕ್ರಾಸ್ ಬಂದ ಮ್ಯಾಲ, 2023ರಾಗ ಕಂಪನಿಯವ್ರ ಡೀಸೆಲ್ ಕ್ರಿಸ್ಟಾ ತಿರುಗಿ ತಂದ್ರಲ್ಲ, ಯಾರ ಸಲುವಾಗಿ? ಬೆಂಗಳೂರಾಗ ಆಫೀಸಿಗೆ ಅಡ್ಡಾಡಾವ್ರು ಹೈಕ್ರಾಸ್ ತಗೋರಿ, ಆರಾಮ ಇರ್ರಿ. ಮದುವಿ ಸೀಜನ್‌ದಾಗ ಗೋಕಾಕ, ಸವದತ್ತಿ, ಪಂಢರಪುರ ಅಂತ ಬಾಡಿಗಿ ಹೊಡಿಯಾವ್ರಿಗೆ ಮಾತ್ರ ನನ್ನ ಸಲಹಾ ಬ್ಯಾರೆ: ಸರ್ವಿಸ್ ಹಿಸ್ಟರಿ ನೋಡಿ, ಚಾಸಿಗೆ ತುಕ್ಕು ಹಿಡದದೇನು ಅಂತ ಅಡ್ಯಾಗ ಬಗ್ಗಿ ನೋಡಿ, ಹಳೇ ಡೀಸೆಲ್ಲನ ತಗೋರಿ.