ಭಾವನ ಗಾಲ್ಫೂ ಅಡ್ಡ ಬಿದ್ದ ನೆರಳೂ

2021ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರಲ್ಲ, ಕಂಚಿಗೂ ಅವರಿಗೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ. ಅವತ್ತು ಬೆಳ್ಳಂಬೆಳಗ್ಗೆ ಟೀವಿ ಮುಂದೆ ಕೂತ ಭಾವನಿಗೆ ಗಾಲ್ಫ್ ಹುಚ್ಚು ಹಿಡಿಯಿತು. ಊರ ನಡುವೆ 1876ರಿಂದ ಗಾಲ್ಫ್ ಕ್ಲಬ್ ಇದ್ದರೂ ನಮಗೆ ಅದು ಬಸ್ಸಿನ ಕಿಟಕಿಯಲ್ಲಿ ಕಂಡು ಮರೆಯಾಗುವ ಹಸಿರು, ಅಷ್ಟೇ.

ಕೊನೆಗೆ ಅವರ ಬಾಸೇ ಒಂದು ಭಾನುವಾರ ತಾವು ಸದಸ್ಯರಾಗಿದ್ದ ಕ್ಲಬ್ಬಿಗೆ ಕರೆದರು. ಮೊದಲು ಡ್ರೈವಿಂಗ್ ರೇಂಜಿನಲ್ಲಿ, ಅಂದರೆ ಹೊಡೆತ ಅಭ್ಯಾಸ ಮಾಡುವ ಮೈದಾನದಲ್ಲಿ, ನಾಲ್ಕು ವಾರವಾದರೂ ಬಾಲು ಹೊಡೆದು ಬನ್ನಿ ಅಂದಿದ್ದರು. ಭಾವ ಅಭ್ಯಾಸ ಮಾಡಿದ್ದು ಮನೆಯ ಟೆರೇಸಿನಲ್ಲಿ, ಛತ್ರಿ ಹಿಡಿದು. ಹೊರಟದ್ದು ಜೀನ್ಸ್ ಮತ್ತು ಕಾಲರಿಲ್ಲದ ಟೀ ಶರ್ಟಿನಲ್ಲಿ. ಬಾಗಿಲಲ್ಲೇ ತಡೆದರು. ಒಳಗಿನ ಅಂಗಡಿಯಲ್ಲಿ ಕಾಲರಿರುವ ಶರ್ಟು, ಪ್ಯಾಂಟು ಕೊಂಡದ್ದಾಯಿತು. ಬೆಲೆ ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಗಾಲ್ಫಿನಲ್ಲಿ ಬಾಲು ಹೊಡೆಯುವುದು ಆಮೇಲಿನ ಮಾತು. ಮೊದಲು ಬಾಯಿ, ಕಾಲು, ನೆರಳು ಮೂರನ್ನೂ ಹಿಡಿತದಲ್ಲಿಟ್ಟುಕೊಳ್ಳಬೇಕು. ಗಲ್ಲಿ ಕ್ರಿಕೆಟ್ಟಿನಲ್ಲಿ ಅಂಪೈರಿಗೇ ಪಾಠ ಹೇಳಿ ಬೆಳೆದ ನಮ್ಮಂಥವರಿಗೆ ಇದು ಘೋರ ಶಿಕ್ಷೆ. ಬಾಸ್ ಕೋಲು ಎತ್ತಿ, ಉಸಿರು ಬಿಗಿಹಿಡಿದು, ಇನ್ನೇನು ಬೀಸಬೇಕು, ಭಾವ, "ಸಾರ್, ಗಾಳಿ ಈ ಕಡೆಯಿಂದ ಅಲ್ವಾ?" ಅಂದರು. ಬಾಲು ಕೆರೆ ಸೇರಿತು. ಬಾಸ್ ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಯಾರಾದರೂ "ಫೋರ್!" ಎಂದು ಕೂಗಿದರೆ ಬಾಲು ನಮ್ಮತ್ತ ಬರುತ್ತಿದೆ ಎಂದರ್ಥ, ತಲೆ ಮುಚ್ಚಿಕೊಂಡು ಬಗ್ಗಬೇಕಂತೆ. ನಮ್ಮ ಜಾಯಮಾನವೋ, ಕೂಗಿದ್ದು ಯಾರೆಂದು ಮೊದಲು ತಿರುಗಿ ನೋಡುವುದು. ಭಾವನೂ ನೋಡಿದರು. ಬಾಲು ಕಿವಿಯ ಪಕ್ಕದಲ್ಲೇ ಸುಯ್ ಎಂದು ಹೋಯಿತು.

ಅವರ ಸ್ವಂತ ಬಾಲು ಪೊದೆಗೆ ಹೋದಾಗ ಇನ್ನೊಂದು ಪ್ರಸಂಗ. ಕಳೆದ ಬಾಲು ಹುಡುಕಲು 2019ರಿಂದ ಮೂರೇ ನಿಮಿಷ, ಮೊದಲು ಐದಿತ್ತು. ಭಾವ ಬಿದ್ದುಹೋದ ಮೂಗುತಿ ಹುಡುಕುವವರಂತೆ ಪೊದೆಯೊಳಗೆ ಕೂತುಬಿಟ್ಟರು. ಹಿಂದೆ ಬರುತ್ತಿದ್ದ ತಂಡ ಸೊಂಟಕ್ಕೆ ಕೈಯಿಟ್ಟು ನಿಂತಿತು. ಅವರಿಗೆ ದಾರಿ ಬಿಡಬೇಕಾದ್ದು ಮರ್ಯಾದೆ. "ಮುಂಚೆ ಬಂದವರು ನಾವಲ್ವೇನಪ್ಪ?" ಎಂದು ಪೊದೆಯೊಳಗಿಂದ ದನಿ ಬಂತು. ರೇಷನ್ ಅಂಗಡಿಯ ಕ್ಯೂ ನಿಯಮ ಇಲ್ಲಿ ನಡೆಯುವುದಿಲ್ಲವೆಂದು ಒಪ್ಪಿಸುವಷ್ಟರಲ್ಲಿ ಬಾಸಿಗೆ ಸಾಕುಸಾಕಾಯಿತು.

ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲಂತೂ, ಕೋಲುಗಳ ಚೀಲ ಹೊರುವ ಕ್ಯಾಡಿಯೇ ದೇವರು. ಕುಳಿ ನಾಲ್ಕೂಕಾಲು ಇಂಚು ಅಗಲ. ಬಾಲಿಗೂ ಅದಕ್ಕೂ ನಡುವಿನ ದಾರಿಯನ್ನು ತುಳಿಯಬಾರದು.

"ಸಾರ್, ಲೈನ್ ತುಳೀತಿದೀರ."

ಭಾವ ಎಗರಿ ಪಕ್ಕಕ್ಕೆ ಬಿದ್ದರು. "ಎಲ್ಲಪ್ಪ ಲೈನು?"

"ಈಗ ನೆರಳು ಬೀಳ್ತಿದೆ ಸಾರ್."

ಬೆಳಗಿನ ಬಿಸಿಲು, ಉದ್ದನೆಯ ನೆರಳು. ಎತ್ತ ಸರಿದರೂ ಇನ್ಯಾರದೋ ಬಾಲಿನ ಮೇಲೆ. ಕೊನೆಗೆ ಭಾವ ಅಲ್ಲೇ ಕುಕ್ಕರಗಾಲಲ್ಲಿ ಕೂತು ನೆರಳನ್ನು ಮಡಿಚಿಟ್ಟುಕೊಂಡರು.

ಎಲ್ಲರೂ ಕುಳಿಗೆ ಬಾಲು ಹಾಕಿದ ಮೇಲೆ ಅಲ್ಲೇ ನಿಂತು ಲೆಕ್ಕ ಬರೆಯಬಾರದು, ಬೇಗ ಜಾಗ ಖಾಲಿ ಮಾಡಬೇಕು. ಆಚೆ ಬಂದು ಭಾವ ತಮ್ಮ ಹೊಡೆತಗಳ ಲೆಕ್ಕ "ಏಳು" ಅಂದರು. ಕ್ಯಾಡಿ ತಲೆ ಕೆರೆದುಕೊಂಡ. "ಹನ್ನೊಂದು ಸಾರ್."

"ನಾಲ್ಕು ಸಲ ಬಾಲಿಗೆ ತಾಗಲೇ ಇಲ್ವಲ್ಲೋ!"

"ಹೊಡೀಬೇಕು ಅಂತ ಬೀಸಿದ್ರೆ ಅದೂ ಲೆಕ್ಕಾನೇ ಸಾರ್."