ವಿದ್ಯುತ್ ಕೊಡುವ ಬದಿಯೇ ಹೋಸ್ಟ್ ಆಗಬೇಕಿಲ್ಲ: ಒಂದು ಸ್ಪಷ್ಟನೆ

ಯುಎಸ್‌ಬಿ-ಸಿ ಪೋರ್ಟ್ ಕಂಟ್ರೋಲರ್ (ಪೋರ್ಟನ್ನು ನಿಯಂತ್ರಿಸುವ ಚಿಪ್) ಹೊಂದಿಸುವಾಗ ಪವರ್ ರೋಲ್ (ವಿದ್ಯುತ್ತಿನ ಪಾತ್ರ) 'ಸೋರ್ಸ್', ಅಂದರೆ ವಿದ್ಯುತ್ ಕೊಡುವ ಬದಿ, ಎಂದಿದ್ದರೆ ಮಾತ್ರ ಆ ಪೋರ್ಟ್ ಡೇಟಾ ಹೋಸ್ಟ್ (ಡೇಟಾ ಸಂಪರ್ಕವನ್ನು ನಡೆಸುವ ಬದಿ) ಆಗಬಲ್ಲದು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಕೇಬಲ್ ಜೋಡಿಸಿದ ಕ್ಷಣದಲ್ಲಿ ಸಿಸಿ ಪಿನ್ನಿನಲ್ಲಿ (ಜೋಡಣೆಯನ್ನು ಗುರುತಿಸುವ ಪಿನ್) ಆರ್‌ಪಿ ರೆಸಿಸ್ಟರ್ ತೋರಿಸುವ ಬದಿ ಸೋರ್ಸ್ ಹಾಗೂ ಹೋಸ್ಟ್ ಆಗಿಯೂ, 5.1 ಕಿಲೋಓಮ್‌ನ ಆರ್‌ಡಿ ತೋರಿಸುವ ಬದಿ ಸಿಂಕ್ (ವಿದ್ಯುತ್ ಪಡೆಯುವ ಬದಿ) ಹಾಗೂ ಡಿವೈಸ್ (ಹೋಸ್ಟ್ ಹೇಳಿದಂತೆ ನಡೆಯುವ ಬದಿ) ಆಗಿಯೂ ಆರಂಭವಾಗುವುದು ನಿಜ. ತಪ್ಪು ತಿಳಿವಳಿಕೆಯ ಮೂಲ ಇದೇ ಇರಬೇಕು. ಆದರೆ ಅದು ಆರಂಭದ ಸ್ಥಿತಿಯಷ್ಟೇ. ಬಳಿಕ ಪವರ್ ಡೆಲಿವರಿ (ಎರಡು ಬದಿಗಳು ವಿದ್ಯುತ್ತಿನ ಬಗ್ಗೆ ಮಾತಾಡಿಕೊಳ್ಳುವ ಕ್ರಮ) ಸಂದೇಶಗಳ ಮೂಲಕ, ಎದುರಿನ ಸಾಧನ ಒಪ್ಪಿದರೆ, ಪಿಆರ್ ಸ್ವ್ಯಾಪ್ ವಿದ್ಯುತ್ತಿನ ಪಾತ್ರವನ್ನು ಮಾತ್ರವೂ ಡಿಆರ್ ಸ್ವ್ಯಾಪ್ ಡೇಟಾ ಪಾತ್ರವನ್ನು ಮಾತ್ರವೂ ಅದಲುಬದಲು ಮಾಡುತ್ತವೆ. ಮಾನಿಟರಿನಿಂದ ಒಂದೇ ಕೇಬಲ್ಲಿನಲ್ಲಿ ಚಾರ್ಜ್ ಆಗುತ್ತಲೇ, ಆ ಮಾನಿಟರಿನ ಹಬ್‌ಗೆ ಸಿಕ್ಕಿಸಿದ ಕೀಬೋರ್ಡನ್ನು ನಡೆಸುವ ಲ್ಯಾಪ್‌ಟಾಪ್ ಸಿಂಕ್ ಆಗಿದ್ದೂ ಹೋಸ್ಟ್ ಆಗಿರುತ್ತದೆ.

ಲಿನಕ್ಸ್‌ನ ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಯಂತ್ರಾಂಶವನ್ನು ವಿವರಿಸುವ ಕಡತ) ಪವರ್-ರೋಲ್ ಮತ್ತು ಡೇಟಾ-ರೋಲ್ ಬೇರೆ ಬೇರೆಯಾಗಿರುವುದು ಇದೇ ಕಾರಣಕ್ಕೆ. ಬ್ಯಾಟರಿ ಇರುವ ಬೋರ್ಡಿನಲ್ಲಿ, ಹೋಸ್ಟ್ ಬೇಕೆಂಬ ಒಂದೇ ಕಾರಣಕ್ಕೆ ಪವರ್-ರೋಲನ್ನು 'ಸೋರ್ಸ್' ಎಂದು ಬಿಗಿದುಬಿಟ್ಟರೆ ಆ ಪೋರ್ಟಿನಿಂದ ಚಾರ್ಜ್ ಆಗುವ ದಾರಿಯೇ ಮುಚ್ಚುತ್ತದೆ. ಪವರ್-ರೋಲ್, ಡೇಟಾ-ರೋಲ್ ಎರಡನ್ನೂ 'ಡ್ಯುಯಲ್' (ಎರಡೂ ಪಾತ್ರ ಸಾಧ್ಯ) ಎಂದಿಟ್ಟು, ಟ್ರೈ-ಪವರ್-ರೋಲ್‌ಗೆ (ಮೊದಲು ಯತ್ನಿಸಬೇಕಾದ ವಿದ್ಯುತ್ ಪಾತ್ರ) 'ಸಿಂಕ್' ಕೊಡುವುದೇ ಮೇಲೆಂದು ನನ್ನ ಅಭಿಪ್ರಾಯ.